ಕಾರಿನ ಎಂಜಿನ್ ಕೈಯಲ್ಲಿ ತಿರುಗಿಸುವುದು: ಯಾವಾಗ, ಹೇಗೆ, ಎಲ್ಲಿ ನಿಲ್ಲಿಸಬೇಕು

ಸೆಲ್ಫ್ ಹೊಡೆದರೆ ಎಂಜಿನ್ ತಾನೇ ತಿರುಗುವಾಗ ಪಾನಾ ಹಿಡಿದು ಕೈಯಲ್ಲಿ ಯಾಕೆ ತಿರುಗಿಸಬೇಕು ಎಂದು ಕೇಳುವವರಿದ್ದಾರೆ. ಸೆಲ್ಫ್ ಮೋಟಾರಿಗೆ ಎದುರಿಗೆ ಏನು ಅಡ್ಡ ಬಂತು ಎಂಬ ಪರಿವೆಯೇ ಇರುವುದಿಲ್ಲ. ಸಿಲಿಂಡರಿನಲ್ಲಿ ನೀರು ನಿಂತಿರಲಿ, ವಾಲ್ವುಗಳನ್ನು ಪಿಸ್ಟನ್ನಿನ ಓಟಕ್ಕೆ ಹೊಂದಿಸುವ ಟೈಮಿಂಗ್ ಬೆಲ್ಟ್ ನಾಲ್ಕು ಹಲ್ಲು ತಪ್ಪಿ ಕೂತಿರಲಿ, ಅದು ಇರುವ ಬಲವನ್ನೆಲ್ಲ ಹಾಕಿ ನೂಕುತ್ತದೆ. ವಾಲ್ವ್ ಬಾಗುತ್ತದೆ, ಕನೆಕ್ಟಿಂಗ್ ರಾಡ್ ಸೊಟ್ಟಗಾಗುತ್ತದೆ. ಕೈಯಾದರೆ ಏನೋ ತಗುಲಿತು ಅನ್ನಿಸಿದ ಕೂಡಲೇ ನಿಲ್ಲುತ್ತದೆ. ಕೈಯಲ್ಲಿ ತಿರುಗಿಸುವುದರ ಲಾಭವೆಲ್ಲ ಇರುವುದು ಈ ನಿಲ್ಲುವುದರಲ್ಲೇ.

ಟೈಮಿಂಗ್ ಬೆಲ್ಟ್ ಅಥವಾ ಚೈನು ಬದಲಿಸುವಾಗ, ವಾಲ್ವ್ ಕ್ಲಿಯರೆನ್ಸ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ನೋಡುವಾಗ, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇಳಿಸಲು ಎಂಜಿನ್ನಿಗೂ ಅದಕ್ಕೂ ನಡುವಿನ ಟಾರ್ಕ್ ಕನ್ವರ್ಟರಿನ ಬೋಲ್ಟುಗಳನ್ನು ಒಂದೊಂದಾಗಿ ಕಿಂಡಿಯ ಎದುರು ತಂದುಕೊಳ್ಳುವಾಗ ಈ ಕೆಲಸ ಬೇಕಾಗುತ್ತದೆ. ಬಿಚ್ಚಿ ಜೋಡಿಸಿದ ಎಂಜಿನ್ ಮೊದಲ ಸಲ ಸ್ಟಾರ್ಟ್ ಮಾಡುವ ಮುನ್ನವೂ ಬೇಕು. ಇನ್ನು ವರ್ಷಗಟ್ಟಲೆ ನಿಂತ ಗಾಡಿ, ನೀರಿನಲ್ಲಿ ಮುಳುಗೆದ್ದ ಗಾಡಿ, ಕೀಲಿ ತಿರುಗಿಸಿದರೆ ‘ಟಕ್’ ಎಂದು ಸುಮ್ಮನಾಗುವ ಗಾಡಿ. ಈ ಮೂರರಲ್ಲಿ ಸೆಲ್ಫ್ ಮುಟ್ಟುವ ಮೊದಲು ಕೈಯಲ್ಲಿ ಎರಡು ಸುತ್ತು ಹಾಕುವುದು ಕಡ್ಡಾಯ ಎಂದೇ ನನ್ನ ಅಭಿಪ್ರಾಯ. ಎರಡೇ ಸುತ್ತು ಯಾಕೆಂದರೆ, ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡ) ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗಿದರೆ ವಾಲ್ವ್ ತೆರೆಯುವ ದಂಡವಾದ ಕ್ಯಾಮ್ ಒಂದು ಸುತ್ತು ಬರುತ್ತದೆ. ಎಲ್ಲ ವಾಲ್ವುಗಳೂ ಒಮ್ಮೆ ತೆರೆದು ಮುಚ್ಚಿದ ಹಾಗಾಯಿತು.

ಎಂಜಿನ್ ಹೊತ್ತಿಕೊಳ್ಳದಂತೆ ನೋಡಿಕೊಳ್ಳಿ

ಎಂಜಿನ್ ತಣ್ಣಗಿರಲಿ. ಗಾಡಿ ಸಮತಟ್ಟಾದ ಗಟ್ಟಿ ನೆಲದ ಮೇಲಿರಲಿ. ಹ್ಯಾಂಡ್ ಬ್ರೇಕ್ ಎಳೆದು, ನೆಲದ ಮೇಲಿರುವ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಡಿ. ಗೇರು ನ್ಯೂಟ್ರಲ್. ಆಟೋಮ್ಯಾಟಿಕ್ ಆದರೆ ಪಾರ್ಕಿನಲ್ಲಿದ್ದರೂ ನಡೆಯುತ್ತದೆ. ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಆ ಕೇಬಲ್ ಮತ್ತೆ ಬ್ಯಾಟರಿಗೆ ತಾಗದಂತೆ ಪಕ್ಕಕ್ಕೆ ಸರಿಸಿ.

ಕೀಲಿ ತೆಗೆದ ಮೇಲೆ ಬ್ಯಾಟರಿ ಯಾಕೆ ಬಿಚ್ಚಬೇಕು? ಹಳೆಯ ಪಾಯಿಂಟ್ ಸೆಟ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸ್ವಿಚ್) ಇರುವ ಗಾಡಿಯಲ್ಲಿ ಇಗ್ನಿಷನ್ ಆನ್ ಇದ್ದರೆ, ಕೈಯಲ್ಲಿ ನಿಧಾನಕ್ಕೆ ತಿರುಗಿಸಿದರೂ ಪಾಯಿಂಟ್ ತೆರೆಯುವ ಕ್ಷಣಕ್ಕೆ ಕಿಡಿ ಹಾರುತ್ತದೆ. ಸಿಲಿಂಡರಿನಲ್ಲಿ ಉಳಿದ ಪೆಟ್ರೋಲ್ ಆವಿ ಹೊತ್ತಿದರೆ ಪಾನಾ ಹಿಂದಕ್ಕೆ ಬಂದು ಕೈಗೆ ಹೊಡೆಯುತ್ತದೆ. ಹೊಸ ಗಾಡಿಗಳ ಕಥೆ ಬೇರೆ: ರೇಡಿಯೇಟರ್ ಫ್ಯಾನ್ ಕೀಲಿ ಇಲ್ಲದೆಯೂ ತಿರುಗಬಹುದು, ಬಟನ್ ಸ್ಟಾರ್ಟ್ ಇದ್ದರೆ ಒಳಗೆ ಕೂತ ಮಗು ಒತ್ತಿಬಿಡಬಹುದು. ಹೈಬ್ರಿಡ್ ಗಾಡಿಗಳಲ್ಲಂತೂ ವ್ಯವಸ್ಥೆ ಚಾಲೂ ಇದ್ದರೆ ಎಂಜಿನ್ ಹೇಳದೆ ಕೇಳದೆ ಹತ್ತುತ್ತದೆ. ಸ್ಮಾರ್ಟ್ ಕೀಲಿಯನ್ನು ಗಾಡಿಯಿಂದ ದೂರ ಇಡಿ, ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್‌ಗಳನ್ನು ಮುಟ್ಟಲು ಹೋಗಬೇಡಿ.

ಕೀಲಿ ಗುಂಡಿ ಒತ್ತುವಂಥದ್ದಲ್ಲದೆ ಸಾದಾ ಕೀಲಿಯಾಗಿದ್ದರೆ ಅದನ್ನು ಪಾನಾದ ಹಿಡಿಗೇ ದಾರದಲ್ಲಿ ಕಟ್ಟುವ ಅಭ್ಯಾಸ ಒಳ್ಳೆಯದು. ಪಾನಾ ಎಂಜಿನ್ ತಿರುಗಿಸುವ ಬೋಲ್ಟಿನ ಮೇಲೇ ಉಳಿದು ಯಾರಾದರೂ ಸೆಲ್ಫ್ ಹೊಡೆದರೆ ಅದು ಸುತ್ತಿ ಬಡಿಯುವ ರಭಸಕ್ಕೆ ರೇಡಿಯೇಟರ್ ಉಳಿಯುವುದಿಲ್ಲ, ಹತ್ತಿರ ಕೈ ಇದ್ದರೆ ಕೈಯೂ ಉಳಿಯುವುದಿಲ್ಲ. ಪಾನಾ ತೆಗೆಯದೆ ಕೀಲಿ ಸಿಗದಂತೆ ಮಾಡಿಟ್ಟರೆ ಆ ಚಿಂತೆ ಇಲ್ಲ.

ಬೋಲ್ಟ್ ಎಲ್ಲಿದೆ

ಕ್ರ್ಯಾಂಕ್ ಶಾಫ್ಟಿನ ತುದಿಗೆ ಕೂತ ದೊಡ್ಡ ಪುಲ್ಲಿಯ ನಟ್ಟನಡುವಿನ ಬೋಲ್ಟೇ ನಮಗೆ ಬೇಕಾದದ್ದು. ಎಂಜಿನ್ ಉದ್ದಕ್ಕೆ ಕೂತ ಗಾಡಿಗಳಲ್ಲಿ ಅದು ರೇಡಿಯೇಟರಿನ ಹಿಂದೆ, ಫ್ಯಾನಿನ ಕೆಳಗೆ ಕಾಣುತ್ತದೆ. ಈಗಿನ ಬಹುತೇಕ ಸಣ್ಣ ಕಾರುಗಳಲ್ಲಿ ಎಂಜಿನ್ ಅಡ್ಡಕ್ಕೆ ಕೂತಿರುತ್ತದೆ, ಆಗ ಬೋಲ್ಟ್ ಮುಂದಿನ ಒಂದು ಚಕ್ರದ ಗೂಡಿನೊಳಗೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಕೆಲವದರಲ್ಲಿ ಪ್ಲಾಸ್ಟಿಕ್ ಹೊದಿಕೆಯಲ್ಲಿ ಒಂದು ಕಿಂಡಿ ಕಾಣುತ್ತದೆ, ಉದ್ದನೆಯ ಎಕ್ಸ್‌ಟೆನ್ಷನ್ ತೂರಿಸಿದರೆ ಸಾಕು. ಇಲ್ಲದಿದ್ದರೆ ಚಕ್ರ ಕಳಚಿ ಹೊದಿಕೆ ಬಿಚ್ಚಬೇಕು. ಚಕ್ರ ಕಳಚಿದಿರಾದರೆ ಜಾಕಿಯೊಂದನ್ನೇ ನಂಬಬೇಡಿ, ಕೆಳಗೆ ಸ್ಟ್ಯಾಂಡ್ ಕೊಡಿ.

ಬೋಲ್ಟಿನ ಅಳತೆ ಸಾಮಾನ್ಯವಾಗಿ 17, 19, 21 ಅಥವಾ 22 ಮಿ.ಮೀ. ಅರ್ಧ ಇಂಚಿನ ರ‍್ಯಾಚೆಟ್ ಮತ್ತು ಆರು ಮೂಲೆಯ ಸಾಕೆಟ್ ಬಳಸಿ. ಹನ್ನೆರಡು ಮೂಲೆಯದು ಜಾರಿ ಬೋಲ್ಟಿನ ತಲೆ ಉರುಟಾದರೆ ಮುಂದೆ ಪುಲ್ಲಿ ಬಿಚ್ಚುವಾಗ ಅಳಬೇಕಾಗುತ್ತದೆ. ಓಪನ್ ಪಾನಾ, ಅಡ್ಜಸ್ಟಬಲ್ ಪಾನಾ ಇಲ್ಲಿ ಬೇಡ. ಹಿಡಿ ಮೊಳಕೈಯಷ್ಟು ಉದ್ದವಿದ್ದರೆ ಸಾಕು. ಪೆಟ್ರೋಲ್ ಎಂಜಿನ್‌ಗೆ ಅದಕ್ಕಿಂತ ಉದ್ದ ಬೇಕಾಗುತ್ತಿದೆ ಎಂದರೆ ಬೇರೇನೋ ತೊಂದರೆ ಇದೆ.

ಯಾವ ಕಡೆಗೆ

ಪುಲ್ಲಿಯನ್ನು ಎದುರಿನಿಂದ ನೋಡುತ್ತ ನಿಂತರೆ ಬಹುಪಾಲು ಕಾರುಗಳ ಎಂಜಿನ್ ಬಲಸುತ್ತು, ಅಂದರೆ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ತಿರುಗುತ್ತದೆ. ಹೋಂಡಾದ ಹಳೆಯ ಬಿ, ಡಿ, ಎಫ್, ಎಚ್ ಸರಣಿಯ ಎಂಜಿನ್‌ಗಳು ಎಡಸುತ್ತಿನವು. ಅದೇ ಹೋಂಡಾದ ಕೆ ಸರಣಿ ಬಲಸುತ್ತು. ಕೈಪಿಡಿ ಇಲ್ಲದಿದ್ದರೆ ಗಾಡಿಯನ್ನೇ ಕೇಳಬಹುದು: ಓಡುವ ಎಂಜಿನ್ ಆಗಿದ್ದರೆ ಬಂದ್ ಮಾಡಿದಾಗ ಪುಲ್ಲಿ ಯಾವ ಕಡೆ ತಿರುಗುತ್ತ ನಿಂತಿತು ಎಂದು ನೋಡಿ. ಓಡದ್ದಾಗಿದ್ದರೆ, ಮ್ಯಾನುವಲ್ ಗೇರಿನ ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಇಬ್ಬರು ಸೇರಿ ಒಂದು ಗೇಣು ಮುಂದಕ್ಕೆ ನೂಕಿದರೆ ಪುಲ್ಲಿ ತಿರುಗುವ ಕಡೆಯೇ ಸರಿಯಾದ ದಿಕ್ಕು. ಮುಳುಗೆದ್ದ ಗಾಡಿಯನ್ನು ಮಾತ್ರ ಸ್ಪಾರ್ಕ್ ಪ್ಲಗ್ ಬಿಚ್ಚದೆ ನೂಕಬೇಡಿ.

ಉಲ್ಟಾ ತಿರುಗಿಸಿದರೆ ಏನಾಗುತ್ತದೆ? ಎಷ್ಟೋ ಸಲ ಏನೂ ಆಗುವುದಿಲ್ಲ, ಅದಕ್ಕೇ ಜನ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಆದರೆ ಟೈಮಿಂಗ್ ಬೆಲ್ಟ್ ಮತ್ತು ಚೈನಿಗೆ ಒಂದು ಎಳೆಯುವ ಬದಿ, ಒಂದು ಸಡಿಲ ಬದಿ ಇರುತ್ತವೆ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಕೂತಿರುವುದು ಸಡಿಲ ಬದಿಯಲ್ಲಿ. ಉಲ್ಟಾ ತಿರುಗಿಸಿದಾಗ ಸಡಿಲ ಬದಿ ಬಿಗಿಯಾಗಿ ಟೆನ್ಷನರನ್ನು ಒಳಕ್ಕೆ ಒತ್ತುತ್ತದೆ, ಆಚೆ ಬದಿ ಸಡಿಲಾಗುತ್ತದೆ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಟೆನ್ಷನರಿಗೆ ಎಂಜಿನ್ ನಿಂತಾಗ ಬಲ ಕಡಿಮೆ. ಒಂದು ಹಲ್ಲು ಜಾರಿದರೆ ಟೈಮಿಂಗ್ ಹೋಯಿತು. ಆದ್ದರಿಂದ ಗುರುತು ದಾಟಿ ಮುಂದೆ ಹೋದರೆ ಹಿಂದಕ್ಕೆ ತರುವ ಆಸೆ ಬಿಡಿ, ಇನ್ನೆರಡು ಸುತ್ತು ಮುಂದಕ್ಕೇ ಬನ್ನಿ.

ಉಲ್ಟಾ ತಿರುಗಿಸುವುದರ ಇನ್ನೊಂದು ಅಪಾಯ ಬೋಲ್ಟ್ ಸಡಿಲವಾಗುವುದು. ಕೆಲವು ಫೋರ್ಡ್, ಮಜ್ದಾ ಎಂಜಿನ್‌ಗಳಲ್ಲಿ ಕ್ರ್ಯಾಂಕಿನ ಹಲ್ಲುಚಕ್ರವನ್ನು ಹಿಡಿದಿಡಲು ಕೀ ಎಂಬ ಸಣ್ಣ ಲೋಹದ ಬಿಲ್ಲೆಯೇ ಇಲ್ಲ, ಬೋಲ್ಟಿನ ಬಿಗಿತವೊಂದೇ ಆಧಾರ. ಅಲ್ಲಿ ಬೋಲ್ಟ್ ಅಲುಗಿತೋ, ಟೈಮಿಂಗ್ ಮೊದಲಿನಿಂದ ಹೊಂದಿಸಬೇಕು. ಎಡಸುತ್ತಿನ ಹೋಂಡಾಗಳಲ್ಲಿ ತಿರುಗಿಸುವ ದಿಕ್ಕೂ ಬೋಲ್ಟ್ ಬಿಚ್ಚುವ ದಿಕ್ಕೂ ಒಂದೇ. ಬೋಲ್ಟ್ ಬಹಳ ಬಿಗಿ ಇರುವುದರಿಂದ ಸಾಮಾನ್ಯವಾಗಿ ಬಿಚ್ಚಿಕೊಳ್ಳುವುದಿಲ್ಲ, ಆದರೂ ಅಲ್ಲಿ ಪ್ಲಗ್ ತೆಗೆಯದೆ ತಿರುಗಿಸಲು ಹೋಗಬೇಡಿ.

ಪ್ಲಗ್ ಬಿಚ್ಚಿ

ಪ್ಲಗ್ ಹಾಗೇ ಇಟ್ಟು ತಿರುಗಿಸಲು ಬರುವುದಿಲ್ಲವೆಂದಲ್ಲ. ಬರುತ್ತದೆ, ಆದರೆ ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಅದುಮಿದ ಗಾಳಿಯ ಒತ್ತಡ, ಎದುರಿಗೆ ನೂಕುತ್ತಿರುತ್ತದೆ, ಅದರ ಗದ್ದಲದಲ್ಲಿ ಉಳಿದ ಸಣ್ಣ ಸೂಚನೆಗಳು ಕೈಗೆ ತಿಳಿಯುವುದಿಲ್ಲ. ಬೇಕಾದ ಗುರುತಿನ ಮೇಲೆ ನಿಲ್ಲಿಸಲೂ ಆಗುವುದಿಲ್ಲ, ಒತ್ತಡ ಪಿಸ್ಟನನ್ನು ಆಚೆಗೋ ಈಚೆಗೋ ತಳ್ಳಿಬಿಡುತ್ತದೆ.

ಬಿಚ್ಚುವ ಮೊದಲು ಪ್ಲಗ್ ಗುಂಡಿಯ ಸುತ್ತಲಿನ ಧೂಳನ್ನು ಗಾಳಿ ಹೊಡೆದು ತೆಗೆಯಿರಿ. ಪ್ಲಗ್ ಬಿಚ್ಚಿದ ಕ್ಷಣ ಅಲ್ಲಿದ್ದ ಮರಳು ನೇರ ಸಿಲಿಂಡರಿಗೆ ಇಳಿಯುತ್ತದೆ. ವೈರುಗಳಿಗೆ ನಂಬರ್ ಅಂಟಿಸಿ. ಬಿಚ್ಚಿದ ಪ್ಲಗ್‌ಗಳನ್ನು ಸಿಲಿಂಡರಿನ ಕ್ರಮದಲ್ಲೇ ಸಾಲಾಗಿ ಇಡಿ. ಒಂದು ಪ್ಲಗ್ ಮಾತ್ರ ಒದ್ದೆ, ಒಂದು ಮಾತ್ರ ಎಣ್ಣೆ ಕುಡಿದು ಕಪ್ಪಗಾಗಿದ್ದರೆ ಮುಂದೆ ಉಪಯೋಗಕ್ಕೆ ಬರುವ ಸುಳಿವು ಅದು. ತೆರೆದ ಗುಂಡಿಗಳ ಮೇಲೆ ಶುಭ್ರವಾದ ಬಟ್ಟೆ ಹಾಸಿ. ಒಂದು ವಾಷರ್ ಒಳಗೆ ಬಿದ್ದರೆ ಸಿಲಿಂಡರುಗಳ ಮೇಲ್ಮುಚ್ಚಳವಾದ ಹೆಡ್ ಇಳಿಸುವವರೆಗೂ ಹೋಗಬಹುದು.

ಡೀಸೆಲ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಕಂಪ್ರೆಷನ್ ಅನುಪಾತ ಪೆಟ್ರೋಲಿನಲ್ಲಿ 9ರಿಂದ 12ರ ಆಸುಪಾಸಿನಲ್ಲಿದ್ದರೆ ಇಲ್ಲಿ 15ರಿಂದ 22ರವರೆಗೂ ಇರುತ್ತದೆ. ಗ್ಲೋ ಪ್ಲಗ್ (ಸ್ಟಾರ್ಟ್ ಮಾಡುವ ಮುನ್ನ ಸಿಲಿಂಡರ್ ಬಿಸಿ ಮಾಡುವ ಪ್ಲಗ್) ಬಿಚ್ಚಿದರೆ ಕೆಲಸ ಹಗುರ, ಆದರೆ ಹಳೆಯ ಗ್ಲೋ ಪ್ಲಗ್ ಹೆಡ್ಡಿನಲ್ಲೇ ಮುರಿದುಹೋಗುವುದು ಅಪರೂಪವಲ್ಲ. ಬರೀ ಒಂದೆರಡು ಸುತ್ತು ಬೇಕಿದ್ದರೆ ಅದನ್ನು ಮುಟ್ಟದೆ, ಉದ್ದನೆಯ ಬಾರ್ ಹಾಕಿ ತೀರಾ ನಿಧಾನವಾಗಿ ತಿರುಗಿಸುವುದು ಜಾಣತನ. ಕಂಪ್ರೆಷನ್ ಬಂದಾಗ ಒತ್ತಿ ಹಿಡಿದು ಕಾಯಿರಿ. ಪಿಸ್ಟನ್ ರಿಂಗುಗಳ ಸಂದಿಯಿಂದ ಗಾಳಿ ಮೆಲ್ಲಗೆ ಸೋರಿ ದಾರಿ ಬಿಡುತ್ತದೆ.

ತಿರುಗಿಸುವಾಗ ಕೈಗೆ ತಿಳಿಯುವುದು

ಸಾಕೆಟನ್ನು ಬೋಲ್ಟಿನ ಮೇಲೆ ಪೂರ್ತಿ ಕೂರಿಸಿ. ಪಾನಾವನ್ನು ನಿಮ್ಮ ಕಡೆಗೆ ಎಳೆಯುವಂತೆ ನಿಲ್ಲಿ, ತಳ್ಳುವಂತೆ ಬೇಡ. ತಳ್ಳುವಾಗ ಸಾಕೆಟ್ ಜಾರಿದರೆ ಬೆರಳ ಗೆಣ್ಣು ಹೋಗಿ ರೇಡಿಯೇಟರಿಗೆ ಬಡಿಯುತ್ತದೆ. ಕಾಲು ಸುತ್ತು, ನಿಲ್ಲಿಸಿ, ಮತ್ತೆ ಕಾಲು ಸುತ್ತು. ಅವಸರ ಬೇಡ.

ಪ್ಲಗ್ ಎಲ್ಲ ಬಿಚ್ಚಿದ ಆರೋಗ್ಯವಂತ ಎಂಜಿನ್‌ನಲ್ಲಿ ಒಂದೇ ಸಮನಾದ ಎಳೆತ ಇರುತ್ತದೆ: ರಿಂಗು, ಬೇರಿಂಗುಗಳ ಘರ್ಷಣೆ ಅದು. ಅದರ ಮೇಲೆ ಸಣ್ಣ ಏರಿಳಿತವೂ ಇರುತ್ತದೆ. ಕ್ಯಾಮ್ ಒಂದು ವಾಲ್ವನ್ನು ತೆರೆಯುವಾಗ ಸ್ಪ್ರಿಂಗನ್ನು ಅದುಮಬೇಕು, ಪಾನಾ ಸ್ವಲ್ಪ ಭಾರವಾಗುತ್ತದೆ. ಕ್ಯಾಮಿನ ಮೂಗು ದಾಟಿದ ಮೇಲೆ ಅದೇ ಸ್ಪ್ರಿಂಗು ಕ್ಯಾಮನ್ನು ಮುಂದಕ್ಕೆ ದೂಡುತ್ತದೆ, ಪಾನಾ ಕೈಯಲ್ಲಿ ಒಮ್ಮೆ ಹಗುರಾಗಿ ತಾನೇ ಒಂದಿಷ್ಟು ಓಡಿದಂತಾಗುತ್ತದೆ. ಮೊದಲ ಸಲ ತಿರುಗಿಸುವವರು ಇಲ್ಲಿ ಬೆಚ್ಚುತ್ತಾರೆ. ಬೆಚ್ಚಬೇಕಾದ್ದಿಲ್ಲ.

ಪ್ಲಗ್ ಇದ್ದಾಗಿನ ಕಂಪ್ರೆಷನ್ ಬೇರೆ ಥರ. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿದಾಗ ಹೇಗೋ ಹಾಗೆ, ಮೆಲ್ಲಮೆಲ್ಲಗೆ ಗಟ್ಟಿಯಾಗುತ್ತ ಹೋಗುತ್ತದೆ, ಬಿಟ್ಟರೆ ಹಿಂದಕ್ಕೆ ಪುಟಿಯುತ್ತದೆ. ನಾಲ್ಕು ಸಿಲಿಂಡರಿನಲ್ಲಿ ಇದು ಅರ್ಧ ಸುತ್ತಿಗೊಮ್ಮೆ, ಮೂರರಲ್ಲಿ 240 ಡಿಗ್ರಿಗೊಮ್ಮೆ, ಆರರಲ್ಲಿ 120 ಡಿಗ್ರಿಗೊಮ್ಮೆ ಬರುತ್ತದೆ.

ಮೂರನೆಯದು, ಲೋಹಕ್ಕೆ ಲೋಹ ತಾಗುವುದು. ಇದರಲ್ಲಿ ಮೆದುತನವೇ ಇಲ್ಲ. ಹಗುರವಾಗಿ ಬರುತ್ತಿದ್ದ ಪಾನಾ ಗೋಡೆಗೆ ತಾಗಿದಂತೆ ‘ಟಕ್’ ಎಂದು ನಿಲ್ಲುತ್ತದೆ, ಕಾದರೂ ದಾರಿ ಬಿಡುವುದಿಲ್ಲ. ವಾಲ್ವ್ ಪಿಸ್ಟನ್ನಿಗೆ ತಾಗಿರಬಹುದು, ಸಿಲಿಂಡರಿಗೆ ಏನಾದರೂ ಬಿದ್ದಿರಬಹುದು. ಕಂಪ್ರೆಷನ್ನಿನ ಪುಟಿತಕ್ಕೂ ಈ ಗಟ್ಟಿ ನಿಲುಗಡೆಗೂ ಇರುವ ವ್ಯತ್ಯಾಸ ಕೈಗೆ ಒಮ್ಮೆ ಹತ್ತಿತೆಂದರೆ ಮುಂದೆ ಮರೆಯುವುದಿಲ್ಲ. ಒಳ್ಳೆಯ ಎಂಜಿನ್ ಸಿಕ್ಕಾಗ ಸುಮ್ಮನೆ ಒಮ್ಮೆ ತಿರುಗಿಸಿ ನೋಡಿ ಎಂದು ಹೊಸಬರಿಗೆ ನಾನು ಹೇಳುವುದು ಇದಕ್ಕೇ.

ಕಂಪ್ರೆಷನ್ ಅಳೆಯುವ ಗೇಜ್ ಇಲ್ಲದಿದ್ದಾಗ ಸಿಲಿಂಡರುಗಳನ್ನು ಹೋಲಿಸಿ ನೋಡಲೂ ಕೈಯೇ ಸಾಕು. ಒಂದನೇ ಸಿಲಿಂಡರಿಗೆ ಮಾತ್ರ ಪ್ಲಗ್ ಹಾಕಿ ಎರಡು ಸುತ್ತು ತಿರುಗಿಸಿ. ಎಷ್ಟು ಗಟ್ಟಿ ಬಂತು, ಒತ್ತಿ ಹಿಡಿದರೆ ಎಷ್ಟು ಹೊತ್ತು ನಿಂತಿತು ಗಮನಿಸಿ. ಅದನ್ನು ಬಿಚ್ಚಿ ಎರಡನೆಯದಕ್ಕೆ ಹಾಕಿ, ಹೀಗೇ ಎಲ್ಲಕ್ಕೂ. ಒಂದರಲ್ಲಿ ಮಾತ್ರ ಗಾಳಿ ಬೇಗ ಸೋರಿಹೋದರೆ ಕಿವಿ ಕೊಟ್ಟು ಕೇಳಿ. ಏರ್ ಫಿಲ್ಟರ್ ಕಡೆಯಿಂದ ಸುಸ್ಸೆನ್ನುವ ಸದ್ದು ಬಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರ್ ಕೊಳವೆಯಿಂದ ಬಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಅಲ್ಲಿಂದ ಬಂದರೆ ರಿಂಗು ಅಥವಾ ಪಿಸ್ಟನ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಗೇಜಿನಷ್ಟು ನಿಖರವಲ್ಲದಿದ್ದರೂ ಎತ್ತ ಹುಡುಕಬೇಕೆಂದು ತಿಳಿಯುತ್ತದೆ.

ಒಂದನೇ ಪಿಸ್ಟನ್ ಮೇಲಕ್ಕೆ ತರುವುದು

ಹೆಚ್ಚಿನ ಕೆಲಸಗಳಿಗೆ ಬೇಕಾಗುವುದು ಒಂದನೇ ಸಿಲಿಂಡರಿನ ಟಿಡಿಸಿ, ಅಂದರೆ ಪಿಸ್ಟನ್ ತೀರಾ ಮೇಲೆ ಬಂದು ನಿಲ್ಲುವ ಜಾಗ. ಪುಲ್ಲಿಯ ಅಂಚಿನಲ್ಲಿ ಒಂದು ಕಚ್ಚು, ಟೈಮಿಂಗ್ ಕವರಿನ ಮೇಲೆ ‘0’ ಗುರುತು ಇರುತ್ತವೆ. ಎರಡೂ ಎದುರಾದರೆ ಪಿಸ್ಟನ್ ಮೇಲಿದೆ. ಆದರೆ ಎರಡು ಸುತ್ತಿನಲ್ಲಿ ಅದು ಎರಡು ಸಲ ಮೇಲೆ ಬರುತ್ತದೆ, ಕಂಪ್ರೆಷನ್ ಮುಗಿಸಿ ಒಮ್ಮೆ, ಹೊಗೆ ಹೊರಹಾಕಿ ಒಮ್ಮೆ. ನಮಗೆ ಬೇಕಾದ್ದು ಸಾಮಾನ್ಯವಾಗಿ ಮೊದಲನೆಯದು.

ಗುರುತಿಸುವುದು ಸುಲಭ. ಒಂದನೇ ಪ್ಲಗ್ ಗುಂಡಿಗೆ ಹೆಬ್ಬೆರಳನ್ನು ಮೇಲಿನಿಂದ ಒತ್ತಿ ಹಿಡಿಯಿರಿ, ಬೆರಳು ಒಳಗೆ ತೂರಿಸಬೇಡಿ. ಇನ್ನೊಬ್ಬರು ತಿರುಗಿಸಲಿ. ಗಾಳಿ ಬೆರಳನ್ನು ಎತ್ತಿ ಹಾಕುವಂತೆ ಒತ್ತಿದರೆ ಕಂಪ್ರೆಷನ್ ಬರುತ್ತಿದೆ ಎಂದರ್ಥ, ಅಲ್ಲಿಂದ ಮುಂದೆ ಬರುವ ಗುರುತೇ ನಿಮ್ಮದು. ಗುಂಡಿ ಆಳದಲ್ಲಿದ್ದು ಬೆರಳು ಮುಟ್ಟದಿದ್ದರೆ ರಾಕರ್ ಕವರ್ ತೆಗೆದು ನೋಡಿ. 1-3-4-2 ಕ್ರಮದಲ್ಲಿ ಹೊತ್ತುವ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ 1 ಮತ್ತು 4 ಒಟ್ಟಿಗೇ ಮೇಲೆ ಬರುತ್ತವೆ. ಒಂದನೆಯದು ಕಂಪ್ರೆಷನ್ನಿನ ತುದಿಯಲ್ಲಿರುವಾಗ ನಾಲ್ಕನೆಯದರಲ್ಲಿ ಎಕ್ಸಾಸ್ಟ್ ಮುಚ್ಚುತ್ತ ಇನ್‌ಟೇಕ್ ತೆರೆಯುತ್ತ ಇರುತ್ತದೆ. ಪಾನಾವನ್ನು ಕೂದಲೆಳೆಯಷ್ಟು ಅಲುಗಿಸಿದರೂ ಒಂದು ಏರುವುದು ಇನ್ನೊಂದು ಇಳಿಯುವುದು ಕಾಣುತ್ತದೆ. ಒಂದನೆಯದರ ವಾಲ್ವುಗಳು ಆಗ ಪೂರ್ತಿ ಮುಚ್ಚಿ ಸುಮ್ಮನಿರುತ್ತವೆ. ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಗಾಡಿಯಾದರೆ ರೋಟರ್ ಒಂದನೇ ವೈರಿನತ್ತ ಮುಖ ಮಾಡಿರುತ್ತದೆ.

ಪುಲ್ಲಿಯ ಗುರುತನ್ನು ಕುರುಡಾಗಿ ನಂಬಬೇಡಿ. ಎಷ್ಟೋ ಪುಲ್ಲಿಗಳಲ್ಲಿ ಹೊರಗಿನ ಬಳೆಗೂ ನಡುವಿನ ಭಾಗಕ್ಕೂ ನಡುವೆ ರಬ್ಬರ್ ಇರುತ್ತದೆ. ಹಳತಾದಂತೆ ರಬ್ಬರ್ ಬಿಟ್ಟುಕೊಂಡು ಬಳೆ ಜರುಗುತ್ತದೆ, ಅದರೊಂದಿಗೆ ಗುರುತೂ. ಅನುಮಾನ ಬಂದರೆ ಪ್ಲಗ್ ಗುಂಡಿಯಲ್ಲಿ ಉದ್ದನೆಯ ಪ್ಲಾಸ್ಟಿಕ್ ಕಡ್ಡಿ ಇಳಿಸಿ ನೋಡಬೇಕು. ಲೋಹದ್ದು ಬೇಡ, ಪಿಸ್ಟನ್ ಗೀಚುತ್ತದೆ. ಪೆನ್ಸಿಲ್ ಬೇಡ, ಮುರಿಯುತ್ತದೆ. ಗುಂಡಿ ಓರೆಯಾಗಿದ್ದರೆ ಕಡ್ಡಿ ಸಿಕ್ಕಿಕೊಳ್ಳದಂತೆ ಬೆರಳಿನಲ್ಲಿ ಸಡಿಲವಾಗಿ ಹಿಡಿದೇ ಇರಿ.

ಇಲ್ಲೊಂದು ತೊಡಕಿದೆ. ಪಿಸ್ಟನ್ ಮೇಲಿನ ತುದಿಗೆ ಬಂದಾಗ ಕ್ರ್ಯಾಂಕ್ ಕೆಲವು ಡಿಗ್ರಿ ತಿರುಗಿದರೂ ಕಡ್ಡಿ ಕದಲಿದಂತೆ ಕಾಣುವುದಿಲ್ಲ. ‘ಇಲ್ಲೇ ತುದಿ’ ಎಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಅದಕ್ಕೆ ಹೀಗೆ ಮಾಡಿ: ಕಡ್ಡಿಯ ಮೇಲೆ ಒಂದು ಗೆರೆ ಎಳೆಯಿರಿ. ಪಿಸ್ಟನ್ ಏರುವಾಗ ಆ ಗೆರೆ ಗುಂಡಿಯ ಅಂಚಿಗೆ ಬಂದ ಕ್ಷಣ ನಿಲ್ಲಿಸಿ, ಕವರಿನ ‘0’ ಎದುರು ಪುಲ್ಲಿಯ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಮುಂದಕ್ಕೇ ತಿರುಗಿಸುತ್ತ ಹೋಗಿ. ಪಿಸ್ಟನ್ ಇಳಿಯುವಾಗ ಗೆರೆ ಮತ್ತೆ ಅಂಚಿಗೆ ಬಂದಾಗ ಇನ್ನೊಂದು ಗುರುತು. ಎರಡರ ನಟ್ಟನಡುವೆ ನಿಜವಾದ ಟಿಡಿಸಿ.

ವಾಲ್ವ್ ಕ್ಲಿಯರೆನ್ಸ್ ನೋಡುವವರಿಗೆ ಒಂದು ಹಳೆಯ ಲೆಕ್ಕ ಸಹಾಯಕ್ಕೆ ಬರುತ್ತದೆ. ಎಂಟು ವಾಲ್ವಿನ, ಸಾಲಾಗಿ ನಿಂತ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ, ಎರಡು ತುದಿಯಿಂದ ಎಣಿಸಿದರೂ ಇನ್‌ಟೇಕ್ ಎಕ್ಸಾಸ್ಟ್‌ಗಳ ಸಾಲು ಒಂದೇ ರೀತಿ ಇದ್ದರೆ, ಪೂರ್ತಿ ತೆರೆದ ವಾಲ್ವಿನ ನಂಬರನ್ನು 9ರಿಂದ ಕಳೆಯಿರಿ. 1 ತೆರೆದಿದ್ದರೆ 8ನ್ನು ಅಳೆಯಿರಿ, 3 ತೆರೆದಿದ್ದರೆ 6ನ್ನು. ಟಿಡಿಸಿ ಹುಡುಕುವ ಗೊಡವೆಯೇ ಇಲ್ಲ.

ಬೆಲ್ಟ್ ಹಾಕಿದ ಮೇಲೆ

ಬೆಲ್ಟ್ ಕಳಚಿರುವಾಗ ಕ್ರ್ಯಾಂಕನ್ನಾಗಲಿ ಕ್ಯಾಮನ್ನಾಗಲಿ ಬೇಕಾಬಿಟ್ಟಿ ತಿರುಗಿಸಬೇಡಿ. ತುಂಬಾ ಎಂಜಿನ್‌ಗಳಲ್ಲಿ ತೆರೆದ ವಾಲ್ವೂ ಮೇಲೆ ಬಂದ ಪಿಸ್ಟನ್ನೂ ಒಂದೇ ಜಾಗಕ್ಕೆ ಬರುತ್ತವೆ, ಅವು ಡಿಕ್ಕಿಯಾಗದಂತೆ ನೋಡಿಕೊಳ್ಳುವುದು ಬೆಲ್ಟ್ ಮಾತ್ರ. ಕ್ಯಾಮ್ ಬೋಲ್ಟಿಗೆ ಪಾನಾ ಹಾಕಿ ಇಡೀ ಎಂಜಿನ್ ತಿರುಗಿಸುವುದೂ ತಪ್ಪು. ಬೆಲ್ಟ್ ಹೊರಬೇಕಾದ ಭಾರ ಅದಲ್ಲ.

ಹೊಸ ಬೆಲ್ಟ್ ಹಾಕಿ ಟೆನ್ಷನ್ ಕೊಟ್ಟ ಮೇಲೆ ಕ್ರ್ಯಾಂಕ್ ಬೋಲ್ಟಿನಿಂದಲೇ ಎರಡು ಪೂರ್ತಿ ಸುತ್ತು ಹಾಕಿ ಗುರುತುಗಳನ್ನು ಮತ್ತೆ ನೋಡಿ. ಕೆಲವರು ಬೆಲ್ಟಿನ ಮೇಲೆ ಅಚ್ಚಾದ ಗೆರೆಗಳು ಹೊಂದಲಿಲ್ಲ ಎಂದು ಗಾಬರಿಯಾಗಿ ಎಲ್ಲ ಬಿಚ್ಚುತ್ತಾರೆ. ಆ ಗೆರೆಗಳು ಹಾಕುವಾಗಿನ ಅನುಕೂಲಕ್ಕೆ ಮಾತ್ರ. ಬೆಲ್ಟಿನ ಹಲ್ಲಿನ ಲೆಕ್ಕವೇ ಬೇರೆ ಇರುವುದರಿಂದ ಅವು ಹೊಂದಲು ಇನ್ನೂ ಎಷ್ಟೋ ಸುತ್ತು ಬೇಕು. ನೋಡಬೇಕಾದ್ದು ಹಲ್ಲುಚಕ್ರಗಳ ಗುರುತು. ಈ ಎರಡು ಸುತ್ತಿನ ನಡುವೆ ಎಲ್ಲಾದರೂ ಗಟ್ಟಿ ನಿಲುಗಡೆ ಸಿಕ್ಕರೆ ಅಲ್ಲೇ ಬಿಡಿ, ‘ಇನ್ನೊಂಚೂರು’ ಬೇಡ.

ಹೆಡ್ ಇಳಿಸಿದ ಎಂಜಿನ್ ತಿರುಗಿಸುವವರಿಗೆ ಒಂದು ಮಾತು: ವೆಟ್ ಲೈನರ್ (ಹೊರಗೆ ಕೂಲಂಟ್ ತಾಗುವ, ಬಿಡಿಯಾಗಿ ಕೂರಿಸಿದ ಸಿಲಿಂಡರ್ ಕೊಳವೆ) ಇರುವ ಎಂಜಿನ್ ಆದರೆ ಲೈನರ್‌ಗಳನ್ನು ಮೇಲಿನಿಂದ ಕ್ಲ್ಯಾಂಪ್ ಮಾಡಿ ಹಿಡಿಯದೆ ತಿರುಗಿಸಬೇಡಿ. ಪಿಸ್ಟನ್ನಿನ ಜೊತೆ ಅವೂ ಮೇಲೆದ್ದು ಕೆಳಗಿನ ಸೀಲ್ ಕಿತ್ತುಹೋಗುತ್ತದೆ.

ತಿರುಗದಿದ್ದರೆ

ಪಾನಾಕ್ಕೆ ಪೈಪ್ ಸಿಕ್ಕಿಸಿ ಜೋತುಬೀಳುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಅದನ್ನು ಬಿಟ್ಟು ಹೊರಗಿನಿಂದ ಒಳಕ್ಕೆ ಬನ್ನಿ. ಗೇರು ನಿಜವಾಗಿ ನ್ಯೂಟ್ರಲ್‌ನಲ್ಲಿದೆಯೇ? ಆಲ್ಟರ್ನೇಟರ್, ಏಸಿ ಕಂಪ್ರೆಸರ್ ತಿರುಗಿಸುವ ಹೊರಗಿನ ಬೆಲ್ಟ್ ಕಳಚಿ ನೋಡಿ, ಜಾಮ್ ಆಗಿರುವುದು ಅವುಗಳಲ್ಲೊಂದಾಗಿದ್ದು ಎಂಜಿನ್ ಚೆನ್ನಾಗಿಯೇ ಇರಬಹುದು. ಸೆಲ್ಫ್ ಮೋಟಾರಿನ ಹಲ್ಲು ಫ್ಲೈವೀಲಿಗೆ ಕಚ್ಚಿಕೊಂಡು ನಿಂತಿದ್ದರೂ ಹೀಗಾಗುತ್ತದೆ, ಮೋಟಾರಿನ ಬೋಲ್ಟ್ ಸಡಿಲಿಸಿದರೆ ಗೊತ್ತಾಗುತ್ತದೆ.

ಒಂದು ಜಾಗದವರೆಗೆ ಸಲೀಸಾಗಿ ಬಂದು ಅಲ್ಲಿ ಕಲ್ಲಿನಂತೆ ನಿಂತು, ಹಿಂದಕ್ಕೆ ಮಾತ್ರ ಹಗುರವಾಗಿ ಹೋಗುತ್ತಿದ್ದರೆ ಸಿಲಿಂಡರಿನಲ್ಲಿ ದ್ರವ ತುಂಬಿರುವ ಸಂಭವ ಹೆಚ್ಚು. ಗಾಳಿ ಅದುಮಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪ್ಲಗ್ ಬಿಚ್ಚಿ, ಗುಂಡಿಗಳ ಮೇಲೆ ದಪ್ಪ ಬಟ್ಟೆ ಹಾಕಿ, ಮುಖವನ್ನು ದೂರವಿಟ್ಟು, ಮೆಲ್ಲಗೆ ತಿರುಗಿಸಿದರೆ ಉಕ್ಕಿ ಹೊರಬರುತ್ತದೆ. ಸೆಲ್ಫ್ ಹೊಡೆದರೆ ಇದೇ ದ್ರವ ಕಾರಂಜಿಯಾಗಿ ಹಾರುತ್ತದೆ. ಬಂದದ್ದೇನು ಎಂದು ನೋಡಿ. ಕೆಸರು ನೀರಾದರೆ ಹೊರಗಿನಿಂದ ಎಳೆದುಕೊಂಡದ್ದು. ಬಣ್ಣವಿದ್ದು ಸಿಹಿ ವಾಸನೆ ಇದ್ದರೆ ಕೂಲಂಟ್. ಪೆಟ್ರೋಲ್ ಆದರೆ ಇಂಜೆಕ್ಟರ್ ಸೋರುತ್ತಿದೆ. ಬ್ಯಾಟರಿ ಮತ್ತೆ ಜೋಡಿಸುವ ಮೊದಲು ಆವಿ ಪೂರ್ತಿ ಹೋಗುವವರೆಗೆ ಕಾಯಿರಿ.

ನೀರು ಹೊರಬಂತು, ಎಂಜಿನ್ ತಿರುಗಿತು ಎಂದು ಖುಷಿಪಡುವ ಮೊದಲು ಮೇಲಿನ ಕಡ್ಡಿಯನ್ನೇ ಮತ್ತೆ ತೆಗೆದುಕೊಳ್ಳಿ. ಪ್ರತಿಯೊಂದು ಪಿಸ್ಟನ್ ಮೇಲಿನ ತುದಿಯಲ್ಲಿರುವಾಗ ಕಡ್ಡಿ ಎಷ್ಟು ಹೊರಗಿದೆ ಎಂದು ಅಳೆಯಿರಿ. ಎಲ್ಲವೂ ಒಂದೇ ಇರಬೇಕು. ಒಂದು ಮಾತ್ರ ಕೆಳಗೆ ನಿಂತಿದ್ದರೆ ಅದರ ಕನೆಕ್ಟಿಂಗ್ ರಾಡ್ ಬಾಗಿ ಗಿಡ್ಡವಾಗಿದೆ. ಓಡುತ್ತಿರುವಾಗ ನೀರು ಎಳೆದುಕೊಂಡು ನಿಂತ ಗಾಡಿಗಳಲ್ಲಿ ಈ ಪರೀಕ್ಷೆ ಬಿಡಲೇಬಾರದು. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದನ್ನೂ ಬದಲಿಸಿದ ಮೇಲಷ್ಟೇ ಸ್ಟಾರ್ಟ್.

ಪ್ಲಗ್ ಬಿಚ್ಚಿದರೂ, ಹೊರಗಿನ ಬೆಲ್ಟ್ ಕಳಚಿದರೂ ಎರಡೂ ಕಡೆಗೆ ಕದಲದಿದ್ದರೆ ಎಂಜಿನ್ನೇ ಸೀಜ್ ಆಗಿದೆ. ನಿಂತು ನಿಂತು ತುಕ್ಕು ಹಿಡಿದು ಆದದ್ದಾದರೆ ಆಸೆ ಇದೆ. ಪ್ರತಿ ಗುಂಡಿಗೂ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದೆರಡು ದಿನ ಕಾಯಿರಿ, ಮತ್ತೆ ಎಣ್ಣೆ ಬಿಡಿ. ಆಮೇಲೆ ಪಾನಾವನ್ನು ಅತ್ತಿತ್ತ ಮೆಲ್ಲಗೆ ಅಲುಗಾಡಿಸಿ. ಉಲ್ಟಾ ತಿರುಗಿಸಬಾರದೆಂಬ ನಿಯಮಕ್ಕೆ ಇಲ್ಲಿ ಮಾತ್ರ ವಿನಾಯಿತಿ, ಅದೂ ಕೂದಲೆಳೆಯಷ್ಟು. ಒಂದು ಮಿಲಿಮೀಟರ್ ಕದಲಿತೆಂದರೆ ಅರ್ಧ ಗೆದ್ದಂತೆ, ಬಲ ಹೆಚ್ಚಿಸದೆ ಇನ್ನಷ್ಟು ಎಣ್ಣೆ ಬಿಟ್ಟು ಕಾಯಿರಿ. ಆಯಿಲ್ ಇಲ್ಲದೆ ಓಡಿ ಬೇರಿಂಗ್ ಸುಟ್ಟು ಸೀಜ್ ಆದದ್ದಕ್ಕೆ ಈ ಉಪಚಾರ ನಡೆಯುವುದಿಲ್ಲ. ಪ್ಲಗ್ ಗುಂಡಿಯಿಂದ ಬಿಟ್ಟ ಎಣ್ಣೆ ಬೇರಿಂಗನ್ನು ತಲುಪುವುದೇ ಇಲ್ಲ, ಬಿಚ್ಚಲೇಬೇಕು.

ಬೋಲ್ಟ್ ಕೈಗೆಟುಕದಿದ್ದರೆ

ಮ್ಯಾನುವಲ್ ಗೇರಿನ ಮುಂದಿನ ಚಕ್ರ ಎಳೆಯುವ ಗಾಡಿಯಾದರೆ ಒಂದು ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಸ್ಟ್ಯಾಂಡ್ ಕೊಟ್ಟು, ಟಾಪ್ ಗೇರಿಗೆ ಹಾಕಿ, ಆ ಚಕ್ರವನ್ನು ಮುಂದಕ್ಕೆ ತಿರುಗಿಸಿದರೆ ಎಂಜಿನ್ ಸರಿಯಾದ ದಿಕ್ಕಿಗೇ ತಿರುಗುತ್ತದೆ. ಪ್ಲಗ್ ಬಿಚ್ಚಿರಬೇಕು. ಇನ್ನೊಂದು ಚಕ್ರ ನೆಲದಲ್ಲಿ ನಿಂತಿರುವುದರಿಂದ ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಲೆಕ್ಕವನ್ನು ಅರ್ಧ ಮಾಡುತ್ತದೆ: ಟಾಪ್ ಗೇರಿನ ಒಟ್ಟು ಅನುಪಾತ 3.2 ಇದ್ದರೆ ಚಕ್ರದ ಒಂದು ಸುತ್ತಿಗೆ ಎಂಜಿನ್ ಸುಮಾರು 1.6 ಸುತ್ತು. ನಾಲ್ಕು ಚಕ್ರವೂ ಎಳೆಯುವ ಗಾಡಿಗೆ, ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇರುವುದಕ್ಕೆ ಈ ದಾರಿ ಬೇಡ. ಆಟೋಮ್ಯಾಟಿಕ್‌ನಲ್ಲಿ ಚಕ್ರದಿಂದ ಎಂಜಿನ್ ತಿರುಗುವುದೇ ಇಲ್ಲ. ಫ್ಲೈವೀಲಿನ ಹಲ್ಲಿಗೆ ಸ್ಕ್ರೂಡ್ರೈವರ್ ಹಾಕಿ ಮೀಟುವುದನ್ನು ಕೆಲವರು ಮಾಡುತ್ತಾರೆ. ಹಲ್ಲು ಮುರಿದರೆ ಗೇರ್‌ಬಾಕ್ಸ್ ಇಳಿಸಬೇಕು, ಆ ವ್ಯಾಪಾರ ನನಗೆ ಒಪ್ಪಿಗೆಯಿಲ್ಲ. ಆಲ್ಟರ್ನೇಟರ್ ಪುಲ್ಲಿಯ ನಟ್ಟಿಗೆ ಪಾನಾ ಹಾಕಿದರೆ ಬೆಲ್ಟ್ ಜಾರುತ್ತದೆ, ಅಷ್ಟೇ.

ಮೂತಿಯ ತೂತಿಗೆ ಹ್ಯಾಂಡಲ್ ತೂರಿಸಿ ಸ್ಟಾರ್ಟ್ ಮಾಡುವ ಹಳೆಯ ಕಾರುಗಳು ಈಗಲೂ ಕೆಲವರ ಬಳಿ ಇವೆ. 1912ರ ಕ್ಯಾಡಿಲಾಕ್‌ನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸೆಲ್ಫ್ ಬರುವವರೆಗೆ ಅದೇ ದಾರಿ, ಅದರಿಂದ ಕೈ ಮುರಿದುಕೊಂಡವರೂ ಕಡಿಮೆಯಲ್ಲ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಬದಿಗೇ ಇರಲಿ, ಸುತ್ತಿ ಹಿಡಿಯಬೇಡಿ. ಕಿಡಿಯ ಟೈಮಿಂಗ್ ಬದಲಿಸುವ ಲಿವರ್ ಇದ್ದರೆ ಅದನ್ನು ರಿಟಾರ್ಡ್, ಅಂದರೆ ಕಿಡಿ ತಡವಾಗುವ ಕಡೆಗೆ ಸರಿಸಿ. ಕೆಳಗಿನಿಂದ ಮೇಲಕ್ಕೆ ಎಳೆಯಿರಿ, ಮೇಲಿನಿಂದ ಕೆಳಕ್ಕೆ ಒತ್ತಬೇಡಿ. ಹಿಂದಕ್ಕೆ ಒದ್ದರೆ ಕೈಯಿಂದ ಬಿಟ್ಟುಹೋಗಬೇಕು.

ನಿಂತ ಗಾಡಿಯ ಮೊದಲ ಸ್ಟಾರ್ಟ್

ಬಹುಕಾಲ ನಿಂತಿದ್ದ ಎಂಜಿನ್ ತಿರುಗಿಸುವ ಮೊದಲು ಪ್ರತಿ ಪ್ಲಗ್ ಗುಂಡಿಗೂ ಒಂದು ಚಮಚದಷ್ಟು, 5 ಮಿ.ಲೀ. ಎಂಜಿನ್ ಆಯಿಲ್ ಬಿಟ್ಟು ಸ್ವಲ್ಪ ಹೊತ್ತು ಬಿಡಿ. ಸಿಲಿಂಡರ್ ಗೋಡೆ ಒಣಗಿರುತ್ತದೆ. ಹೆಚ್ಚು ಸುರಿದರೆ ಅದೇ ದ್ರವವಾಗಿ ಅಡ್ಡ ನಿಲ್ಲುತ್ತದೆ. ಕೈಯಲ್ಲಿ ಎರಡು ಸುತ್ತು ಸಲೀಸಾಗಿ ಬಂದರೆ ಪಾನಾ ತೆಗೆದು, ಸಾಕೆಟ್ ಬೋಲ್ಟಿನ ಮೇಲೇ ಉಳಿದಿಲ್ಲವೆಂದು ಕಣ್ಣಾರೆ ನೋಡಿ, ಇಗ್ನಿಷನ್ ಕಾಯಿಲ್ ಮತ್ತು ಪೆಟ್ರೋಲ್ ಪಂಪಿನ ಫ್ಯೂಸ್ ಕಳಚಿ, ಆಮೇಲೆ ಬ್ಯಾಟರಿ ಜೋಡಿಸಿ. ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆಯಿರಿ, ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಮೋಟಾರ್ ತಣಿಯಲು ಬಿಡಿ. ಡ್ಯಾಶ್‌ಬೋರ್ಡಿನ ಆಯಿಲ್ ಒತ್ತಡದ ದೀಪ ಆರಿದ ಮೇಲೆ ಪ್ಲಗ್‌ಗಳನ್ನು ಮೊದಲು ಬೆರಳಿನಲ್ಲೇ ಕೆಲವು ಸುತ್ತು ಕೂರಿಸಿ, ಬಳಿಕ ಪಾನಾದಿಂದ ಬಿಗಿದು, ಫ್ಯೂಸ್ ಕಾಯಿಲ್ ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿ. ಸಿಲಿಂಡರಿಗೆ ಬಿಟ್ಟ ಎಣ್ಣೆ ಸುಟ್ಟು ಮೊದಮೊದಲು ನೀಲಿ ಹೊಗೆ ಬರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆಯಿಲ್ ದೀಪದ ಮೇಲೆ ಮಾತ್ರ ಕಣ್ಣಿರಲಿ. ಎಂಜಿನ್ ಓಡುತ್ತಿರುವಾಗ ಅದು ಐದಾರು ಸೆಕೆಂಡಿನಲ್ಲಿ ಆರದಿದ್ದರೆ ಕೂಡಲೇ ಬಂದ್ ಮಾಡಿ.